ಹಲಗೆಯಡಿಯ ಗೂಟಗಳು

ಏಪ್ರಿಲ್ 4, ಬೆಳಿಗ್ಗೆ

ಮತ್ತೆ ಮೂರು ಗೂಟ ಮಾಯ. ನಿನ್ನೆ ನಾನೇ ನೆಟ್ಟು ಕೆಂಪು ರಿಬ್ಬನ್ ಕಟ್ಟಿದ್ದೆ. ರಸ್ತೆ ಎಲ್ಲಿ ಹಾಯಬೇಕೆಂದು ತೋರಿಸುವ ಗೂಟಗಳು — ಅವು ಹೋದರೆ ಅಳತೆ ಮತ್ತೆ ಮೊದಲಿನಿಂದ. ಗಾಳಿಯಿಲ್ಲ, ಮಳೆಯಿಲ್ಲ. ತಲೆಬುಡ ತಿಳಿಯುತ್ತಿಲ್ಲ.

ಚಿಕ್ಕಪ್ಪ ಎಲ್ಲರೆದುರೇ ಬೈದರು. "ಇಂಜಿನಿಯರಿಂಗ್ ಓದಿದೀಯ, ಒಂದು ಗೂಟ ನೆಟ್ಟಗೆ ನೆಡೋಕೆ ಬರಲ್ವೇನಮ್ಮ?" ಈ ಸರ್ವೆ ಕ್ಯಾಂಪಿಗೆ ಅವರೇ ಸೂಪರ್‌ವೈಸರ್. ನನ್ನನ್ನು ಈ ದೇಶಕ್ಕೆ ಕರೆತಂದವರೂ ಅವರೇ. ನನ್ನ ತಪ್ಪೆಲ್ಲ ಅವರ ತಲೆಗೆ.

ಚಳಿಗೆ ಅಂಗೈ ಬಿರಿದಿದೆ. ದಿನದಂತೆ ಕೊಬ್ಬರಿ ಎಣ್ಣೆ ಮೆತ್ತಿಕೊಂಡೇ ಹೊರಟೆ.

ಏಪ್ರಿಲ್ 5

ಇವತ್ತು ಐದು ಗೂಟ ಮಾಯ. ಚಿಕ್ಕಪ್ಪ ನೆಟ್ಟವು ನಿಂತಿವೆ. ಡ್ರೈವರ್ ನೆಟ್ಟವೂ. ನನ್ನವು ಮಾತ್ರ... ಯಾರಿಗೆ ನನ್ನ ಮೇಲೆ ಇಷ್ಟು ಸಿಟ್ಟು?

ಏಪ್ರಿಲ್ 9

ಬರೆಯಲು ಮನಸ್ಸಿರಲಿಲ್ಲ. ಹಲಗೆಯ ಅಟ್ಟಣೆ ಮೇಲೆ ಕಟ್ಟಿದ ನನ್ನ ಡೇರೆಯ ಮೆಟ್ಟಿಲ ಪಕ್ಕ ಅಡುಗೆಯವರಿಗೆ ಎರಡು ಗೂಟ ಸಿಕ್ಕವು, ರಿಬ್ಬನ್ ಸಮೇತ.

ಚಿಕ್ಕಪ್ಪ ಬೈಯಲಿಲ್ಲ. ಅದಕ್ಕೇ ಭಯವಾಯಿತು. "ಊರಿಗೆ ಹೋಗ್ಬೇಕು ಅಂದ್ರೆ ಬಾಯ್ಬಿಟ್ಟು ಹೇಳು. ಗೂಟ ಯಾಕೆ ಕೀಳ್ತೀಯ?"

ಕಿತ್ತಿಲ್ಲ ಅಂದೆ. ಊರಿಗೆ ಹೋಗುವ ಆಸೆ ಇಲ್ಲವೇ ಅಂದರೆ — ಅದೂ ಗೊತ್ತಿಲ್ಲ. ನಿದ್ದೆಯಲ್ಲಿ ಎದ್ದು ನಾನೇ ಕೀಳುತ್ತಿರಬಹುದೇ? ಬೂಟು ನೋಡಿಕೊಂಡೆ. ಮಣ್ಣಿತ್ತು. ದಿನವೂ ಇರುತ್ತದೆ.

ಶನಿವಾರದ ಸಾಮಾನಿನ ಲಾರಿಯಲ್ಲಿ ನನ್ನನ್ನು ವಾಪಸ್ ಕಳಿಸುತ್ತಾರಂತೆ.

ಏಪ್ರಿಲ್ 10, ಮಧ್ಯಾಹ್ನ

ಕೆಲಸಕ್ಕೆ ಬರಬೇಡ ಅಂದಿದ್ದಾರೆ. ಬಟ್ಟೆ ಮಡಚುತ್ತಿದ್ದೆ. ನೆಲದ ಹಲಗೆಯಡಿ ಕರಕರ ಸದ್ದು. ಹೊರಗೆ ಬಂದು ಬಗ್ಗಿ ನೋಡಿದರೆ — ನರಿ! ಜೊತೆಗೆ ನಾಲ್ಕು ಮರಿ. ಸುತ್ತ ನನ್ನ ಗೂಟಗಳು. ನನ್ನ ಕೈಯ ಕೊಬ್ಬರಿ ಎಣ್ಣೆ ಹತ್ತಿದ ತುದಿಯನ್ನೇ ಮರಿಗಳು ಕಬ್ಬಿನಂತೆ ಜಗಿಯುತ್ತಿವೆ.

ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಇಲ್ಲಿ ಮೇಕೆ ನಾನು. ನಗು ಬಂತು, ಅಳುವೂ ಬಂತು.

ಓಡಿ ಹೋಗಿ ಹೇಳಬೇಕಿತ್ತು. ಹೋಗಲಿಲ್ಲ. ಹೋದ ತಿಂಗಳು ಉಗ್ರಾಣದಡಿ ಒಂದು ನರಿ ಸೇರಿಕೊಂಡಾಗ ಕಾವಲುಗಾರ ಹೊಗೆ ಹಾಕಿದ. ಹೊರಬಂದದ್ದನ್ನು ದೊಣ್ಣೆಯಿಂದ... ಹೇಳಿದರೆ ಇವು ಸಾಯುತ್ತವೆ. ಹೇಳದಿದ್ದರೆ ನನ್ನ ಕೆಲಸ ಹೋಗುತ್ತದೆ, ಚಿಕ್ಕಪ್ಪನ ಮರ್ಯಾದೆಯೂ. ಅತ್ತ ದರಿ, ಇತ್ತ ಪುಲಿ.

ಸಂಜೆ

ಚಿಕ್ಕಪ್ಪ ಬಂದರು. "ಕೊನೇ ಸಲ ಕೇಳ್ತಿದೀನಿ. ನೀನೇನಾ ಕಿತ್ತಿದ್ದು?"

"ಹೂಂ" ಅಂದುಬಿಟ್ಟೆ. ಯಾಕೆ ಅಂದೆ? ಅಂದ ಮೇಲೆ ಅದೇ ನಿಜ ಅನ್ನಿಸತೊಡಗಿತು. ಅವರು ತಲೆ ತಗ್ಗಿಸಿ ಹೋದರು. ನೋಡಲಾಗಲಿಲ್ಲ.

ಏಪ್ರಿಲ್ 12, ಶನಿವಾರ

ಲಾರಿ ಬಂದಿದೆ. ಚೀಲ ಎತ್ತಿಕೊಡಲು ಬಂದ ಚಿಕ್ಕಪ್ಪ ಮೆಟ್ಟಿಲ ಹತ್ತಿರ ಗಕ್ಕನೆ ನಿಂತರು. ಹಲಗೆಯಡಿಯಿಂದ ಒಂದು ಮೂಗು ಹೊರಗೆ, ಬಾಯಲ್ಲಿ ಕೆಂಪು ರಿಬ್ಬನ್.

ಕಾವಲುಗಾರನ ಕಡೆ ನೋಡಿ, ದನಿ ತಗ್ಗಿಸಿ ಕೇಳಿದರು: "ಎಷ್ಟು ಮರಿ?"

"ನಾಲ್ಕು."

"ಇದಕ್ಕಾ ಹೂಂ ಅಂದಿದ್ದು? ನಾನೂ ನಂಬಿಬಿಟ್ನಲ್ಲಮ್ಮ..." ಮೂಗು ಯಾರಿಗೂ ಕಾಣದಂತೆ ಮೆಟ್ಟಿಲಿಗೆ ಅಡ್ಡವಾಗಿ ಕೂತುಬಿಟ್ಟರು. ಲಾರಿಯ ಹಾರ್ನ್. "ಗೂಟದ ಮಾತು ಬಿಡು. ಈಗ್ಲಾದ್ರೂ ನಿಜ ಹೇಳು. ಊರಿಗೆ ಹೋಗ್ಬೇಕಾ, ಇಲ್ಲೇ ಇರ್ತೀಯಾ?"

ಒಂದು ನಿಮಿಷ ಅಂದು ಒಳಗೆ ಬಂದೆ. ಬರೆದರಾದರೂ ಗೊತ್ತಾದೀತೆಂದು ದಿನಚರಿ ಹುಡುಕಿದೆ, ಚೀಲದ ತಳದಲ್ಲಿತ್ತು. ಬಟ್ಟೆಯೆಲ್ಲ ಮತ್ತೆ ಮಂಚದ ಮೇಲೆ ಹರಡಿದೆ. ಮತ್ತೆ ಹಾರ್ನ್. ಚಿಕ್ಕಪ್ಪ ಕಾಯುತ್ತಿದ್ದಾರೆ. ನನಗೆ ನಿಜವಾಗಿ ಬೇಕಾದದ್ದು —