ಉತ್ತರ ಬರುವಷ್ಟರಲ್ಲಿ ಕಾರು ಹತ್ತಿದವರಿಗೆ

ಮಾನ್ಯ ಶಾಲಾ ಗುಣಮಟ್ಟ ಪರಿಶೀಲನಾಧಿಕಾರಿಗಳೇ,

ನಮ್ಮ ಬೀದಿಯ ಕೊನೆಯಲ್ಲಿರುವ ಸರ್ಕಾರಿ ಪ್ರಾಥಮಿಕ ಶಾಲೆಗೆ ತಾವು 'ಡಿ' ಶ್ರೇಣಿ ದಯಪಾಲಿಸಿದ್ದೀರಿ. ದೊಡ್ಡ ರಸ್ತೆಯ ಆಚೆಗಿರುವ ಇನ್ನೊಂದು ಸರ್ಕಾರಿ ಶಾಲೆಗೆ ಹೋದ ವರ್ಷ 'ಎ' ಕೊಟ್ಟವರೂ ತಾವೇ. ಈಗ ನಮ್ಮ 'ಡಿ'ಯನ್ನು ಅವರ 'ಎ'ಯೊಳಗೆ ವಿಲೀನ ಮಾಡಿ, ಬರುವ ವರ್ಷದಿಂದ ನಮ್ಮ ಶಾಲೆಗೆ ಬೀಗ ಹಾಕಬಹುದೆಂದು ಶಿಫಾರಸು ಬರೆದಿದ್ದೀರಿ. ನನ್ನ ಮಗಳು ಎರಡೂ ಶಾಲೆಗಳಲ್ಲಿ ಓದಿದವಳು. ಆದ್ದರಿಂದ ತಾವು ಕೊಟ್ಟ ಎರಡು ಅಕ್ಷರಗಳು ಅದಲುಬದಲಾಗಿವೆ ಎಂದು ಹೇಳುವ ಅರ್ಹತೆ ನನಗೆ ತಕ್ಕಮಟ್ಟಿಗೆ ಇದೆ ಎಂದುಕೊಂಡಿದ್ದೇನೆ. ಇಲ್ಲ ಎಂದರೂ ಹೇಳುತ್ತೇನೆ. ಪತ್ರ ಬರೆಯುವುದರಲ್ಲಿ ಇದೊಂದು ಸುಖ, ನಡುವೆ ಯಾರೂ ಬಾಯಿ ಹಾಕುವಂತಿಲ್ಲ.

ನಾನು ಪುಟ್ಟದೊಂದು ಬ್ಯೂಟಿ ಪಾರ್ಲರ್ ಇಟ್ಟುಕೊಂಡವಳು. ಎರಡು ಕುರ್ಚಿ, ಎರಡು ಕನ್ನಡಿ, ಮನಸ್ಸು ಬಂದಾಗ ಮಾತ್ರ ಕೆಲಸ ಮಾಡುವ ಒಂದು ಹೇರ್ ಡ್ರೈಯರ್. ಇವಳಿಗೇಕೆ ಶಿಕ್ಷಣದ ಉಸಾಬರಿ ಎಂದು ತಮಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಒಂದೇ ಒಂದು ದಿನದ ಮಟ್ಟಿಗೆ ಮುಖವನ್ನು ಹೇಗೆ ಅಣಿಗೊಳಿಸುವುದು ಎಂಬ ವಿಷಯದಲ್ಲಿ ನನ್ನಷ್ಟು ಅನುಭವ ತಮ್ಮ ಇಡೀ ಇಲಾಖೆಯಲ್ಲಿ ಯಾರಿಗೂ ಇರಲಿಕ್ಕಿಲ್ಲ. ಮದುಮಗಳ ಕಣ್ಣಿನ ಕೆಳಗಿನ ಕಪ್ಪನ್ನು ಮುಚ್ಚುತ್ತೇನೆ, ಕೆನ್ನೆಯ ಮೊಡವೆಯನ್ನು ಮರೆಮಾಡುತ್ತೇನೆ, ಮೂರು ದಿನದಿಂದ ನಿದ್ದೆಗೆಟ್ಟವಳನ್ನು ಈಗಷ್ಟೇ ಎದ್ದವಳಂತೆ ತೋರಿಸುತ್ತೇನೆ. ಅದು ನನ್ನ ಹೊಟ್ಟೆಪಾಡು, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಫೋಟೋ ತೆಗೆಸಿಕೊಂಡ ಮೇಲೆ ಮುಖ ತೊಳೆದರೆ ಮುಗಿಯಿತು. ಆದರೆ ನನ್ನ ಮೇಕಪ್ ನೋಡಿ ಹುಡುಗಿಗೆ ಆರೋಗ್ಯದ ಪ್ರಮಾಣಪತ್ರ ಬರೆದುಕೊಟ್ಟ ಡಾಕ್ಟರನ್ನು ನಾನು ಈವರೆಗೆ ಕಂಡಿಲ್ಲ. ಶಾಲೆಗಳ ವಿಷಯದಲ್ಲಿ ತಾವು ಮಾಡುತ್ತಿರುವುದು ಹೆಚ್ಚುಕಡಿಮೆ ಅದನ್ನೇ.

ನನ್ನ ಮಗಳ ಬಗ್ಗೆ ಹೇಳಬೇಕು. ನಮ್ಮತ್ತೆ ಅವಳನ್ನು ದೊರೆಸಾನಿ ಎಂದು ಕರೆಯುತ್ತಾರೆ, ಏಕೆಂದರೆ ಅವಳು ಯಾವುದಕ್ಕೂ ಅವಸರಪಡುವುದಿಲ್ಲ. ಊಟಕ್ಕೆ ಬಾ ಎಂದರೆ ಊಟ ಆರಿದ ಮೇಲೆ ಬರುತ್ತಾಳೆ. ಚಪ್ಪಲಿ ಹಾಕಿಕೋ ಎಂದರೆ ಯಾವುದು ಎಡ, ಯಾವುದು ಬಲ ಎಂದು ಕೂತು ಖಾತ್ರಿ ಮಾಡಿಕೊಳ್ಳುತ್ತಾಳೆ. ಪ್ರಶ್ನೆ ಕೇಳಿದರೆ ಮೊದಲು ಕೇಳಿದವರ ಮುಖ ನೋಡುತ್ತಾಳೆ, ಆಮೇಲೆ ಸೂರು ನೋಡುತ್ತಾಳೆ, ತುಟಿ ಅಲ್ಲಾಡಿಸುತ್ತಾಳೆ. ಅಷ್ಟರಲ್ಲಿ ಕೇಳಿದವರು ಕೇಳಿದ್ದನ್ನೇ ಮರೆತಿರುತ್ತಾರೆ. ಆದರೆ ಉತ್ತರ ಬಂದೇ ಬರುತ್ತದೆ, ಬಂದಾಗ ಸರಿಯಾಗಿಯೂ ಇರುತ್ತದೆ. ನನಗೆ ಮೊದಮೊದಲು ಕೈ ಕೈ ಹಿಸುಕಿಕೊಳ್ಳುವಷ್ಟು ಸಿಟ್ಟು ಬರುತ್ತಿತ್ತು. ಈಗ ಅವಳು ಯೋಚಿಸುವ ಹೊತ್ತಿನಲ್ಲಿ ನಾನು ಟವೆಲ್ ಮಡಚಿಟ್ಟುಕೊಳ್ಳುತ್ತೇನೆ, ಇಬ್ಬರ ಕೆಲಸವೂ ಆಗುತ್ತದೆ.

ಹೋದ ವರ್ಷ ಅವಳು ದೊಡ್ಡ ರಸ್ತೆಯಾಚೆಯ ಶಾಲೆಯಲ್ಲಿದ್ದಳು. ತಾವು ಅಲ್ಲಿಗೆ ಬರುವ ಹಿಂದಿನ ಸಂಜೆ ಅಲ್ಲಿನ ಹೆಡ್‌ಮಿಸ್ಟ್ರೆಸ್ ಮೇಡಂ ಐಬ್ರೋ ಮಾಡಿಸಿಕೊಳ್ಳಲು ನನ್ನಲ್ಲಿಗೆ ಬಂದರು. ಐಬ್ರೋ ಮಾಡುವಾಗ ದಾರದ ಒಂದು ತುದಿಯನ್ನು ನಾವು ಹಲ್ಲಿನಲ್ಲಿ ಕಚ್ಚಿಕೊಂಡಿರುತ್ತೇವೆ, ಮಾತಾಡಲು ಆಗುವುದಿಲ್ಲ. ಮೇಡಂ ಅದೇ ಸಮಯ ನೋಡಿ ಶುರುಮಾಡಿದರು.

"ನೋಡಮ್ಮ, ನಾಳೆ ನಿನ್ನ ಮಗಳನ್ನ ಕಳಿಸ್ಬೇಡ. ದೊಡ್ಡ ಸಾಹೇಬ್ರು ಬರ್ತಿದಾರೆ. ಜ್ವರ ಅಂತ ಬರ್ಕೊಂಡಿರ್ತೀವಿ."

ನಾನು ದಾರ ಬಿಟ್ಟೆ. "ಅವಳಿಗೆ ಜ್ವರ ಏನಿಲ್ಲ ಮೇಡಂ."

"ಇವತ್ತಿಲ್ಲಮ್ಮ. ನಾಳೆ ಇರುತ್ತೆ."

"ಅವಳಿಗೆ ಪಾಠ ಎಲ್ಲ ಬರುತ್ತೆ. ನೀವೇ ಹೇಳಿದ್ರಲ್ಲ."

"ಬರಲ್ಲ ಅಂದ್ನಾ ನಾನು? ಬರುತ್ತೆ. ಆದ್ರೆ ಅಷ್ಟೊತ್ತು ಕಾಯೋರು ಯಾರು? ಬೇಜಾರು ಮಾಡ್ಕೋಬೇಡ. ಒಳ್ಳೆ ಗ್ರೇಡ್ ಬಂದ್ರೆ ಕಂಪ್ಯೂಟರ್ ಕೊಡ್ತಾರೆ, ನಿನ್ನ ಮಗಳೂ ಅದರಲ್ಲೇ ಕಲೀತಾಳೆ. ಆ ಎಡಗಡೆದು ಇನ್ನೊಂಚೂರು ತೆಳ್ಳಗೆ ಮಾಡು."

ಕೋಪ ನೆತ್ತಿಗೇರಿತ್ತು. ಆದರೂ ಎರಡೂ ಹುಬ್ಬುಗಳನ್ನು ಸಮವಾಗಿಯೇ ಮಾಡಿ ಕಳಿಸಿದೆ. ವೃತ್ತಿಧರ್ಮದ ಬಗ್ಗೆ ತಮ್ಮ ಇಲಾಖೆಯವರಿಗೆ ಯಾವತ್ತಾದರೂ ತರಬೇತಿ ಶಿಬಿರ ಏರ್ಪಡಿಸುವುದಾದರೆ ನನಗೆ ಹೇಳಿಕಳಿಸಿ.

ಮರುದಿನ ಬೆಳಿಗ್ಗೆ ಹಟಕ್ಕೆ ಬಿದ್ದು ಮಗಳಿಗೆ ಇಸ್ತ್ರಿ ಮಾಡಿದ ಯೂನಿಫಾರ್ಮ್ ಹಾಕಿ, ಎರಡು ಜಡೆ ಹೆಣೆದು ಕಳಿಸಿದೆ. ಗೇಟಿನಲ್ಲಿ ನಿಂತಿದ್ದ ಆಯಾ ಅವಳ ಹಣೆ ಮುಟ್ಟಿ ನೋಡಿ, ಮೈ ಸುಡುತ್ತಿದೆ ಎಂದು ವಾಪಸು ಕಳಿಸಿದಳು. ಬೀದಿಯಲ್ಲಿ ಅವತ್ತು ಇನ್ನೂ ನಾಲ್ಕೈದು ಜ್ವರಗಳು ಬೆನ್ನಿಗೆ ಚೀಲ ಹಾಕಿಕೊಂಡು ಮನೆಗೆ ಮರಳುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಅವೆಲ್ಲ ಸೇರಿ ನನ್ನ ಅಂಗಡಿಯ ಮುಂದೆ ಮುಟ್ಟಾಟ ಆಡಿ, ಹೂಕುಂಡವೊಂದನ್ನು ಉರುಳಿಸಿದವು. ನನ್ನ ಮಗಳು ಮಾತ್ರ ಆಡಲು ಹೋಗಲಿಲ್ಲ. ಪಾರ್ಲರಿನ ಕುರ್ಚಿ ಹತ್ತಿ ಕೂತು, ಕನ್ನಡಿ ನೋಡಿಕೊಂಡು, ಆಗಾಗ ತನ್ನ ಹಣೆಯನ್ನು ತಾನೇ ಮುಟ್ಟಿಕೊಳ್ಳುತ್ತಿದ್ದಳು. ಬಹಳ ಹೊತ್ತಿನ ಮೇಲೆ ಕೇಳಿದಳು, "ಅಮ್ಮಾ, ನನಗೆ ಜ್ವರ ಅಂತೆ. ನಿನಗೆ ಗೊತ್ತಾಗ್ಲಿಲ್ವಾ?"

ಸ್ವಾಮಿ, ನನಗೆ ಅಳು ಬಂತು. ಗಿರಾಕಿಯೊಬ್ಬರ ತಲೆಗೆ ಬಣ್ಣ ಹಚ್ಚುತ್ತಿದ್ದೆ, ಬಣ್ಣದ ಘಾಟು ಎಂದು ಸುಳ್ಳು ಹೇಳಿ ಕಣ್ಣು ಒರೆಸಿಕೊಂಡೆ. ಅತ್ತ ಅದೇ ಹೊತ್ತಿಗೆ ತಾವು ಚುರುಕು ಮಕ್ಕಳಿಂದ ಪಟಪಟ ಉತ್ತರ ಕೇಳಿ, ತಲೆದೂಗಿ, 'ಎ' ಬರೆಯುತ್ತಿದ್ದಿರಿ. ತಮ್ಮನ್ನು ಒಂದು ಮಾತು ಕೇಳಲೇ? ಖಾಲಿ ಇದ್ದ ಆ ಬೆಂಚು ತಮ್ಮ ಕಣ್ಣಿಗೆ ಬೀಳಲಿಲ್ಲವೇ? ಹವೆ ಬದಲಾಗದ ದಿನದಲ್ಲಿ, ಒಂದೇ ತರಗತಿಯಲ್ಲಿ, ನಿಧಾನದ ಮಕ್ಕಳನ್ನೇ ಆರಿಸಿ ಆರಿಸಿ ಹಿಡಿಯುವ ಜ್ವರ ಯಾವುದೆಂದು ಆರೋಗ್ಯ ಇಲಾಖೆಗಾದರೂ ಒಂದು ಸಾಲು ಬರೆಯಬಾರದಿತ್ತೇ?

ಅದೇ ತಿಂಗಳು ಅವಳನ್ನು ಅಲ್ಲಿಂದ ಬಿಡಿಸಿ ನಮ್ಮ ಬೀದಿಯ ಶಾಲೆಗೆ ಸೇರಿಸಿದೆ. ಎರಡು ಕೋಣೆ, ಒಬ್ಬ ಹೆಡ್‌ಮೇಷ್ಟ್ರು, ಒಬ್ಬರು ಟೀಚರ್. ಗೋಡೆಯ ಮೇಲೆ ಬಣ್ಣದ ಚಿತ್ರಪಟಗಳಿಲ್ಲ, ಮಕ್ಕಳ ಕೈಗೆ ಎಟುಕುವಷ್ಟು ಎತ್ತರದವರೆಗೆ ಸೀಮೆಸುಣ್ಣದ ಬರಹವಿದೆ. ಹೋದ ಮೊದಲ ವಾರ ಟೀಚರ್ ಅವಳನ್ನು ಏನೋ ಕೇಳಿದರಂತೆ, ಇವಳು ಎಂದಿನಂತೆ ಸೂರು ನೋಡಿದಳಂತೆ. ಟೀಚರ್ ಕಪ್ಪು ಹಲಗೆ ಒರೆಸಿದರು, ಇನ್ನೊಬ್ಬನ ಮೂಗು ಒರೆಸಿದರು, ಮತ್ತೆ ಇವಳ ಹತ್ತಿರ ಬಂದು ನಿಂತರಂತೆ. ಮಗಳು ಹೇಳಿದಾಗ ನಾನು ಪೂರ್ತಿ ನಂಬಲಿಲ್ಲ, ನನ್ನ ಶಾಂಪೂ ಬಾಟಲಿಗಳಿಂದ ಖಾತ್ರಿಯಾಯಿತು. ನನ್ನ ಮಗಳು ಮನೆಗೆ ಬಂದ ಮೇಲೆ ಶಾಂಪೂ ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿ ಟೀಚರ್ ಆಟ ಆಡುತ್ತಾಳೆ. ಹಳೆಯ ಶಾಲೆಯ ಕಾಲದಲ್ಲಿ ಉತ್ತರ ಹೇಳದ ಬಾಟಲಿಗಳಿಗೆ ಬಾಚಣಿಗೆಯಿಂದ ಏಟು ಬೀಳುತ್ತಿತ್ತು, ಮೂಲೆಯಲ್ಲಿ ನಿಲ್ಲುವ ಶಿಕ್ಷೆಯೂ ಇತ್ತು. ಈಗ ಒಂದು ದಿನ ನೋಡುತ್ತೇನೆ, ಕಂಡೀಷನರ್ ಬಾಟಲಿಯ ಮುಂದೆ ಮಂಡಿಯೂರಿ ಕೂತು ಹೇಳುತ್ತಿದ್ದಾಳೆ, "ಯೋಚ್ನೆ ಮಾಡು. ನಾನೆಲ್ಲೂ ಹೋಗಲ್ಲ." ಶಾಲೆಯ ಗುಣಮಟ್ಟ ಅಳೆಯುವ ಸಾಧನ ತಮ್ಮ ಬಳಿ ಬೇಕಾದಷ್ಟು ಇರಬಹುದು. ನನಗೆ ಅಷ್ಟು ಸಾಕಾಯಿತು.

ಈ ವರ್ಷ ತಾವು ನಮ್ಮ ಶಾಲೆಗೆ ಬರುತ್ತೀರೆಂಬ ಸುದ್ದಿ ಬಂದಾಗ ನನಗೆ ಹೋದ ವರ್ಷದ ಜ್ವರ ನೆನಪಾಯಿತು. ಹಿಂದಿನ ಸಂಜೆಯೇ ಹೋಗಿ ಹೆಡ್‌ಮೇಷ್ಟ್ರನ್ನು ಕೇಳಿದೆ.

"ಮೇಷ್ಟ್ರೇ, ನಾಳೆ ಇವಳನ್ನ ಕಳಿಸ್ಲಾ?"

"ಯಾಕಮ್ಮ, ಹುಷಾರಿಲ್ವಾ?"

"ಚೆನ್ನಾಗಿದಾಳೆ."

"ಎಲ್ಲಾದ್ರೂ ಹೊರಗೆ ಹೋಗ್ತಿದೀರಾ?"

"ಇಲ್ಲ."

"ಮತ್ತೆ?" ಎಂದು ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ! ಸರ್ಕಾರಿ ಕೆಲಸದಲ್ಲಿ ಕೂದಲು ಹಣ್ಣಾದರೂ ಇಷ್ಟು ಸಣ್ಣ ಉಪಾಯ ಹೊಳೆಯದ ಮನುಷ್ಯ. ಇದನ್ನೇ ಅಸಾಮರ್ಥ್ಯ ಎನ್ನುವುದಾದರೆ ತಾವು 'ಡಿ' ಕೊಟ್ಟದ್ದು ಸರಿಯೇ ಇದೆ.

ತಾವು ಬಂದ ದಿನ ಪೋಷಕರ ಪರವಾಗಿ ನಾನು ಬಾಗಿಲ ಬಳಿ ನಿಂತಿದ್ದೆ. ಆ ಶಾಲೆಯಲ್ಲಿ ವಾರಕ್ಕೊಮ್ಮೆ ಮಕ್ಕಳ ಬೆಂಚು ಬದಲಾಗುತ್ತದೆ, ಆ ವಾರ ಮುಂದಿನ ಬೆಂಚು ನನ್ನ ಮಗಳದ್ದು. ಸಾಹೇಬರು ಬರುತ್ತಾರೆಂದು ಯಾರೂ ಅವಳನ್ನು ಹಿಂದಕ್ಕೆ ಸರಿಸಲಿಲ್ಲ. ತಾವು ನೇರವಾಗಿ ಅವಳನ್ನೇ ಕೇಳಿದಿರಿ, ಹದಿನೇಳರಲ್ಲಿ ಒಂಬತ್ತು ಹೋದರೆ ಎಷ್ಟು ಉಳಿಯುತ್ತದೆ ಎಂದು. ಅವಳು ತಮ್ಮ ಮುಖ ನೋಡಿದಳು, ಸೂರು ನೋಡಿದಳು. ಹಿಂದೆ ಕೈಗಳು ಎದ್ದವು, ಟೀಚರ್ ಬೇಡವೆಂದು ತಲೆಯಾಡಿಸಿದರು. ತಾವು ಗಡಿಯಾರ ನೋಡಿಕೊಂಡು, ಪಕ್ಕದಲ್ಲಿದ್ದ ಗುಮಾಸ್ತರಿಗೆ "ಬರಲ್ಲ ಅಂತ ಬರ್ಕೊಳ್ರೀ" ಎಂದು, ಶೌಚಾಲಯ ನೋಡಲು ಹೊರಟಿರಿ.

ಆಮೇಲಿನದು ತಮಗೆ ನೆನಪಿದೆಯೋ ಇಲ್ಲವೋ. ತಾವು ಕಾರಿನಲ್ಲಿ ಕೂತು ಬಾಗಿಲು ಎಳೆದುಕೊಂಡಿದ್ದಿರಿ. ಅಷ್ಟರಲ್ಲಿ ತರಗತಿಯಿಂದ ಒಂದು ಮಗು ಬಾಣದಂತೆ ಓಡಿ ಬಂತು. ಹುಟ್ಟಿದಾಗಿನಿಂದ ನನ್ನ ಮಗಳು ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಸರ್, ಎಂಟು!"

"ಏನದು?" ಎಂದಿರಿ ತಾವು.

"ಎಂಟು ಸರ್. ಹದಿನೇಳರಲ್ಲಿ ಒಂಬತ್ತು ಹೋದ್ರೆ."

"ಆಯ್ತು ಆಯ್ತು, ಕ್ಲಾಸಿಗೆ ಹೋಗು." ಕಾರಿನ ಗಾಜು ಮೇಲೇರಿತು.

ಅವಳು ಹಿಂದಿರುಗುವಾಗ ಮುಖ ಊರಗಲ ಅರಳಿತ್ತು. ಅವಳ ಮಟ್ಟಿಗೆ ಉತ್ತರ ತಲುಪಿಸಿ ಆಗಿತ್ತು. ಹೋದ ವರ್ಷ ಗೇಟಿನಿಂದ ಮನೆಗೆ ಅಟ್ಟಿಸಿಕೊಂಡ ಹುಡುಗಿ ಈ ವರ್ಷ ಸಾಹೇಬರ ಕಾರನ್ನೇ ತಡೆದು ಉತ್ತರ ಹೇಳಿದಳಲ್ಲ, ಆ ಸಂತೋಷಕ್ಕೆ ನಾನು ಅವತ್ತು ಅಂಗಡಿಗೆ ಬಂದ ಮೂವರಿಗೆ ಪುಕ್ಕಟೆ ಐಬ್ರೋ ಮಾಡಿದೆ.

ತಮ್ಮ ವರದಿಯನ್ನು ಶಾಲೆಯ ಬಾಗಿಲಿಗೆ ಅಂಟಿಸಿದ್ದಾರೆ, ಓದಿದೆ. 'ಕಲಿಕೆ: ಪ್ರಶ್ನೆಗೆ ಉತ್ತರ ಬರಲಿಲ್ಲ.' ಅದರ ಕೆಳಗೇ, 'ಶಿಸ್ತು: ತರಗತಿ ನಡೆಯುವಾಗ ಮಕ್ಕಳು ಹೊರಗೆ ಓಡುತ್ತಾರೆ.' ಯಾಕೆ ಓಡಿತು ಸ್ವಾಮಿ ಆ ಮಗು? ಮೇಲಿನ ಸಾಲಿನಲ್ಲಿ ಬರಲಿಲ್ಲ ಎಂದು ತಾವು ಬರೆದ ಉತ್ತರವನ್ನು ಕೊಡುವುದಕ್ಕೇ ಅಲ್ಲವೇ? ಒಂದೇ ಮಗುವಿಗೆ, ಒಂದೇ ಪ್ರಶ್ನೆಗೆ ಎರಡೆರಡು ಕಡೆ ಅಂಕ ಕತ್ತರಿಸುವ ಕೈಚಳಕಕ್ಕೆ ನನ್ನ ಕತ್ತರಿಯೂ ತಲೆಬಾಗಬೇಕು. ನ್ಯಾಯವಾಗಿ ಹೇಳಬೇಕೆಂದರೆ ತಾವು ಬರೆದದ್ದರಲ್ಲಿ ಕೆಲವು ನಿಜವೇ. ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ, ಒಬ್ಬರು ಒಳಗಿದ್ದರೆ ಇನ್ನೊಬ್ಬರು ಹೊರಗೆ ಕಾವಲು ನಿಲ್ಲಬೇಕು. ನಲ್ಲಿ ಸೋರುತ್ತದೆ. ಗದ್ದಲವೂ ಇದೆ, ನನ್ನ ಅಂಗಡಿಯವರೆಗೆ ಕೇಳಿಸುತ್ತದೆ. ಇವನ್ನೆಲ್ಲ ಕೆಂಪು ಶಾಯಿಯಲ್ಲೇ ಬರೆಯಿರಿ, ನನ್ನ ಅಭ್ಯಂತರವಿಲ್ಲ. ಆದರೆ ಚಿಲಕ ಇಲ್ಲದಿದ್ದರೆ ಚಿಲಕ ಹಾಕಿಸುವುದು ಲೋಕರೂಢಿ. ಚಿಲಕವಿಲ್ಲವೆಂದು ಶಾಲೆಯನ್ನೇ ಮುಚ್ಚುವ ಆಲೋಚನೆ ಯಾರ ತಲೆಯಲ್ಲಿ ಮೊಳೆಯಿತು?

ವಿಲೀನ ಎಂಬುದು ತಮಗೆ ಒಂದು ಆದೇಶದ ಮಾತು. ನನಗೆ ಅದರ ಅರ್ಥ, ನನ್ನ ಮಗಳು ತನ್ನನ್ನು ಬಚ್ಚಿಟ್ಟ ಶಾಲೆಗೇ ಮತ್ತೆ ಹೋಗಬೇಕು. ಮುಂದಿನ ಪರಿಶೀಲನೆಯ ದಿನ ಅವಳನ್ನು ಏನು ಮಾಡುತ್ತಾರೆಂದು ನನಗೂ ಗೊತ್ತು, ಈ ಪತ್ರ ಓದಿದ ಮೇಲೆ ತಮಗೂ ಗೊತ್ತು. ಇಷ್ಟೇ ಆಗಿದ್ದರೆ ಬೈದುಕೊಂಡು ಸುಮ್ಮನಾಗುತ್ತಿದ್ದೆನೋ ಏನೋ. ಆದರೆ ಶಾಲೆ ಮುಚ್ಚುವ ಸುದ್ದಿ ಮಕ್ಕಳಿಗೂ ಮುಟ್ಟಿದೆ. ನಾಲ್ಕು ದಿನದಿಂದ ನನ್ನ ಮಗಳು ಬಾಟಲಿಗಳನ್ನು ಮುಟ್ಟಿಲ್ಲ. ನಿನ್ನೆ ತಲೆ ಬಾಚಿಸಿಕೊಳ್ಳುತ್ತಾ, ಕನ್ನಡಿಯಲ್ಲಿ ನನ್ನನ್ನು ನೋಡಿ ಕೇಳಿದಳು.

"ಅಮ್ಮಾ, ನಾನು ಬೇಗ ಹೇಳಿದ್ದಿದ್ರೆ ನಮ್ಮ ಸ್ಕೂಲ್ ಉಳೀತಿತ್ತಾ?"

ಇಲ್ಲ ಮಗಳೇ, ನಿನ್ನಿಂದ ಏನೂ ಆಗಿಲ್ಲ ಎಂದೆ. ಅವಳು ನಂಬಲಿಲ್ಲ. "ನಿನಗೆ ಹೇಗೆ ಗೊತ್ತು? ಬರೆದಿದ್ದು ಸಾಹೇಬ್ರಲ್ವಾ?" ಎಂದಳು. ಜಡೆ ಹೆಣೆದು ಮುಗಿಸಿ ಈ ಪತ್ರ ಬರೆಯಲು ಕೂತೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಶಿಫಾರಸನ್ನು ತಡೆಹಿಡಿಯಿರಿ. ಎರಡೂ ಶಾಲೆಗಳಿಗೆ ಇನ್ನೊಮ್ಮೆ, ಹೇಳದೆ ಕೇಳದೆ ಬನ್ನಿ. ಒಂದು ಪೂರ್ತಿ ದಿನ ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ಬಂದಿರುವ ಮಕ್ಕಳನ್ನು ಪ್ರಶ್ನಿಸುವ ಮೊದಲು, ಬಾರದ ಮಕ್ಕಳು ಯಾರು, ಯಾಕೆ ಬಂದಿಲ್ಲ ಎಂದು ದೊಡ್ಡವರನ್ನು ಪ್ರಶ್ನಿಸಿ. ಆಮೇಲೆ ಯಾವ ಅಕ್ಷರ ಬೇಕಾದರೂ ಕೊಡಿ, ನಾನು ತಕರಾರು ತೆಗೆಯುವುದಿಲ್ಲ. ಇಷ್ಟೆಲ್ಲ ಆಗದು ಎನ್ನುವುದಾದರೆ, ಒಂದೇ ಒಂದು ಸಲ ನನ್ನ ಅಂಗಡಿಗೆ ಬಂದು ಆ ಹುಡುಗಿಯ ಪ್ರಶ್ನೆಗೆ ತಾವೇ ಉತ್ತರ ಹೇಳಿ. ಅವಳ ಮುಖ ನೋಡಿಕೊಂಡು ಹೇಳಬೇಕು. ಥಟ್ಟನೆ ಹೊಳೆಯದಿದ್ದರೆ ಸಂಕೋಚಪಡಬೇಡಿ. ಎಷ್ಟು ಹೊತ್ತು ಬೇಕಾದರೂ ಯೋಚಿಸಿ. ಅವಳು ಕಾಯುತ್ತಾಳೆ.

ಇಂತಿ,
ತಮ್ಮ ಲೆಕ್ಕದಲ್ಲಿ ಉತ್ತರ ಬಾರದ
ನಿಧಾನದ ಹುಡುಗಿಯ
ಆತುರಗೇಡಿ ಅಮ್ಮ