ಗಂಗಾವತಿಗೆ ಹೋಗುವ ಕವಲು

ಗದಗ, ಕ್ರಿ.ಶ. ೨೧೯೩, ಮೂರನೇ ಹಿಂಗಾರು

ಹಿಂದಿನ ಕಾಲದ ಹಿರಿಯರಿಗೆ,

ನಮ್ಮ ಮಾತು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿದರೆ ಮನ್ನಿಸಬೇಕು. ವರ್ಷಕ್ಕೆ ಮೂರು ಹಿಂಗಾರು ಹೇಗೆ ಬಂದವೆಂದು ವಿವರಿಸುವ ತಾಳ್ಮೆ ಇವತ್ತು ನನಗಿಲ್ಲ.

ನಮ್ಮಲ್ಲಿ ಯಾವ ಗಾಡಿಯೂ ಒಂಟಿಯಾಗಿ ಓಡುವುದಿಲ್ಲ. ನೂರಾರು ಗಾಡಿಗಳು ಇರುವೆಗಳಂತೆ ಒಂದರ ಹಿಂದೊಂದು ತಾವಾಗಿಯೇ ಸಾಗುತ್ತವೆ. ಇದಕ್ಕೆ ಸಾಲೋಟ ಎನ್ನುತ್ತೇವೆ. ಒಂದು ಕೆಟ್ಟರೆ ಎಲ್ಲವೂ ನಿಂತಂತೆ. ನಿನ್ನೆ ಆದದ್ದು ಅದೇ. ಗಂಗಾವತಿಯಲ್ಲಿ ನನ್ನ ಮಗಳು ಮುಕ್ತಾ ಮೊದಲ ಸಲ ದೊಡ್ಡಾಟದಲ್ಲಿ ಬಬ್ರುವಾಹನನ ವೇಷ ಕಟ್ಟುವವಳಿದ್ದಳು. ನೀವು ರಾತ್ರಿಯಿಡೀ ಆಡುತ್ತಿದ್ದಿರಂತೆ. ನಾವು ಹೊತ್ತು ಮುಳುಗುವುದರೊಳಗೆ ಮುಗಿಸುತ್ತೇವೆ. ಅವಳು ಮೇಳದೊಂದಿಗೆ ಮೊದಲೇ ಹೋಗಿದ್ದಳು, ನಾನೂ ನನ್ನ ಮಾವನೂ ಹಿಂದಿನಿಂದ ಹೊರಟಿದ್ದೆವು, ಅವಳ ಕಿರೀಟ ನನ್ನ ತೊಡೆಯ ಮೇಲಿತ್ತು. ಬೆಂಡು ಕೆತ್ತಿ, ಕನ್ನಡಿ ಚೂರು ಅಂಟಿಸಿ ನಾನೇ ಮಾಡಿದ್ದು.

ಕೊಪ್ಪಳ ದಾಟುವ ಮೊದಲೇ ಸಾಲೋಟ ನಿಂತಿತು. ಕಾದು ಕಾದು ಸಾಕಾಗಿ ನನ್ನ ಮಾವ ಈರಬಸಪ್ಪ, "ಹಳೇ ದಾರಿ ಐತಿ, ಕೈಲೇ ಹೊಡಕೊಂಡು ಹೋಗೂಣು" ಎಂದರು. ಗಾಡಿ ನಡೆಸುವುದನ್ನು ಅವರ ಅಜ್ಜ ಕಲಿಸಿದ್ದರಂತೆ. ನನಗೆ ಜೀವ ಬಂದಂತಾಯಿತು.

ಆದರೆ ಆ ಪ್ರಯಾಣವನ್ನು ಏನೆಂದು ಹೇಳಲಿ! ಜೋಳದ ಹೊಲದ ಬದುವಿನಲ್ಲಿ ಮುದುಕಿಯೊಬ್ಬಳು ಎಳೆಯ ತೆನೆ ಮುರಿದು ಸೀತನಿ ಸುಡುತ್ತಿದ್ದಳು. ಮಾವ ಗಾಡಿ ನಿಲ್ಲಿಸಿದರು. "ತಿನ್ನವಾ, ಬಿಸಿ ಐತಿ" ಎಂದು ನನಗೂ ಕೊಟ್ಟರು. ಕೆರೆಯಲ್ಲಿ ಕೊಕ್ಕರೆ ಕಂಡವು, ನಿಲ್ಲಿಸಿದರು. ಬೇವಿನ ಮರದ ನೆರಳು ಚೆನ್ನಾಗಿದೆಯೆಂದು ಮತ್ತೆ ನಿಲ್ಲಿಸಿದರು. ಹಿರಿಯರೆಂದು ನಾನು ಕಿರೀಟದ ಕನ್ನಡಿ ಚೂರು ಎಣಿಸುತ್ತ ಕೂತೆ. ಆಮೇಲೆ ದಾರಿ ಕವಲೊಡೆಯಿತು. ಅಲ್ಲೊಂದು ತಗಡಿನ ಫಲಕವಿತ್ತು, ಅಕ್ಷರ ಒಂದೂ ಉಳಿದಿರಲಿಲ್ಲ. ಮಾವ ಎಡಕ್ಕೆ ತಿರುಗಿಸಿದರು. ಬಹಳ ದೂರ ಹೋದ ಮೇಲೆ ರಸ್ತೆ ಒಂದು ಪಾಳು ಕಲ್ಲುಗಣಿಯಲ್ಲಿ ಮುಗಿದುಹೋಯಿತು.

"ಊರು ನೋಡಾಕ ಬಂದೀರೇನು ಮಾವಾ? ನನ್ನ ಮಗಳು ಬರಿತಲೀಲೆ ನಿಂತಾಳಲ್ಲಿ!" ಎಂದು ಕೂಗಿಬಿಟ್ಟೆ.

ಅವರು ಎರಡೂ ಕೈ ಎತ್ತಿ ತೋರಿಸಿದರು. ಗಡಗಡ ನಡುಗುತ್ತಿದ್ದವು.

"ಸಣ್ಣಾಂವ ಇದ್ದಾಗ ಒಮ್ಮೆ ಹೊಡದಿದ್ನಿ, ಅಷ್ಟ. ಎದಿ ಹೊಡಕೊಂಡಾಗೆಲ್ಲಾ ಏನರೆ ನೆವ ತೆಗೆದು ನಿಲ್ಲಿಸಿದೆ. ಅಂಜಿಕಿ ಆಗೇತಿ ಅಂತ ಸೊಸಿ ಮುಂದ ಹೆಂಗ ಹೇಳಲಿ?"

ಕಿರೀಟ ಪಕ್ಕಕ್ಕಿಟ್ಟೆ. ನೀರು ಕೊಟ್ಟೆ. ಅವರು ಉಸಿರು ಸರಿಮಾಡಿಕೊಂಡ ಮೇಲೆ, ತಗ್ಗು ಬಂದಲ್ಲೆಲ್ಲ ನಾನಿಳಿದು ಮುಂದೆ ನಡೆದು ದಾರಿ ತೋರಿಸುತ್ತ, ಬಂದ ದಾರಿಗೇ ಮರಳಿದೆವು.

ಕವಲಿಗೆ ಬಂದು ಇನ್ನೊಂದು ದಾರಿ ಹಿಡಿದು ಗಂಗಾವತಿ ಮುಟ್ಟಿದಾಗ ಪರದೆ ಮಡಚುತ್ತಿದ್ದರು. ಮುಕ್ತಾ ಯಾರದೋ ರುಮಾಲು ಸುತ್ತಿಕೊಂಡು ಆಡಿದ್ದಳು. ಆಟ ಚಲೋ ಆಯಿತೆಂದು ಎಲ್ಲರೂ ಅಂದರು. ಅವಳು ಕಿರೀಟವನ್ನೊಮ್ಮೆ ನೋಡಿ, "ಮನಿಗೆ ಒಯ್ಯಿ" ಎಂದು ಒಳಗೆ ಹೋದಳು. ಇವತ್ತೂ ಅದನ್ನು ಮುಟ್ಟಿ ನೋಡಿಲ್ಲ. ಮಾವ ಊಟ ಬಿಟ್ಟು ಕಟ್ಟೆಯ ಮೇಲೆ ಕೂತಿದ್ದಾರೆ. ಅವರನ್ನು ಬೈಯಲಾರೆ, ಅವಳನ್ನೂ ಬೈಯಲಾರೆ. ಹಾಗಾಗಿ ನಿಮಗೆ ಬರೆಯುತ್ತಿದ್ದೇನೆ.

ಆ ಕವಲಿನಲ್ಲಿ ತಗಡು ನೆಟ್ಟವರು ನೀವೇ. ನಿಮಗಿಂತ ಸಾವಿರ ವರ್ಷ ಹಿಂದಿನವರು ದಾನ ಕೊಟ್ಟ ಹೊಲದ ಗಡಿಯನ್ನೂ ಕಲ್ಲಿನಲ್ಲಿ ಕೆತ್ತಿಸಿದರು. ಅದನ್ನು ನಾವು ಇಂದಿಗೂ ಓದುತ್ತೇವೆ. ಗಂಗಾವತಿ ಎಂಬ ನಾಲ್ಕು ಅಕ್ಷರ ಕೆತ್ತಿಸಲು ನಿಮಗೇನಾಗಿತ್ತು? ನಿಮಗಿನ್ನೂ ಕಾಲ ಮಿಂಚಿಲ್ಲ. ದಯವಿಟ್ಟು ಅಲ್ಲೊಂದು ಕಲ್ಲು ನಿಲ್ಲಿಸಿ. ಆಳವಾಗಿ ಕೆತ್ತಿಸಿ: ಬಲಕ್ಕೆ.

ನಿಮ್ಮ ಮುಂದಿನವಳು,
ನೀಲಗಂಗವ್ವ