ಮಧ್ಯಾಹ್ನ ಊಟಕ್ಕೆ ಮನೆಗೆ

ಏಪ್ರಿಲ್ 13, ಸೋಮವಾರ

ಒಗೆತ. ನಾಲ್ಕು ಹಗ್ಗ ತುಂಬಿ ಬೇಲಿಗೂ ಹಾಕಬೇಕಾಯಿತು. ಗಾಳಿ ಚೆನ್ನಾಗಿತ್ತು, ಹನ್ನೊಂದಕ್ಕೆಲ್ಲ ಒಣಗಿದವು. ರಸ್ತೆಯಲ್ಲಿ ಪ್ರವಾಸಿಗರ ಬಸ್ಸು ನಿಂತಿತು. ‘ಅಮಿಶ್ ಬಟ್ಟೆ, ಅಮಿಶ್ ಬಟ್ಟೆ’ ಅಂತ ಕಿಟಕಿಯಿಂದ ಫೋಟೋ. ನನ್ನ ಗಂಡ ಈಲಮನ ಪ್ಯಾಂಟು ಈಗ ಯಾವ್ಯಾವ ದೇಶದಲ್ಲಿದೆಯೋ. ಅವನಿಗೆ ಮಾತ್ರ ನಮ್ಮ ಈ ಲ್ಯಾಂಕಾಸ್ಟರ್ ದಾಟಲು ಪುರುಸೊತ್ತಿಲ್ಲ.

ಅವನು ಹೊರಟದ್ದು ಎಂದಿನಂತೆ ಬೆಳಗಿನ ಜಾವ ಐದಕ್ಕೆ ಮುಂಚೆ, ಶೆಡ್ಡು ಕಟ್ಟುವವರ ವ್ಯಾನಿನಲ್ಲಿ. ಡಬ್ಬಿಯಲ್ಲಿ ಎರಡು ಸ್ಯಾಂಡ್‌ವಿಚ್, ಒಂದು ತುಂಡು ಪೈ. ಬಂದದ್ದು ಸಂಜೆ ಐದೂವರೆಗೆ, ಕೂದಲ ತುಂಬ ಮರದ ಹೊಟ್ಟು.

ವಿಸ್ಕಾನ್ಸಿನ್‌ನಿಂದ ಲಿಡಿಯಾನ್ ಕಾಗದ. ಅವಳ ಗಂಡ ಗಿಡಿಯನ್ ಈಲಮನ ಚಿಕ್ಕಪ್ಪನ ಮಗ. ಎರಡು ವರ್ಷದ ಹಿಂದೆ ಹನ್ನೊಂದು ಮನೆಯವರು ಸೇರಿ ಅಲ್ಲಿಗೆ ಹೋದರಲ್ಲ, ಅವರಲ್ಲಿ ಇವರೂ ಒಬ್ಬರು. ಅವರ ಪಕ್ಕದ ಜಮೀನು ಮಾರಾಟಕ್ಕಿದೆಯಂತೆ — ಐವತ್ತೆರಡು ಎಕರೆ, ಮನೆ, ದನದ ಕೊಟ್ಟಿಗೆ. ಯಜಮಾನ ನಮ್ಮವನಲ್ಲ, ಇಂಗ್ಲಿಷಿನವನು; ಅಮಿಶ್ ಅಲ್ಲದವರೆಲ್ಲ ನಮಗೆ ಇಂಗ್ಲಿಷಿನವರೇ. ಆದರೆ ಉಳುವವರಿಗೇ ಕೊಡುತ್ತೇನೆ, ಬರುವ ವಸಂತದವರೆಗೂ ಕಾಯುತ್ತೇನೆ ಅಂದಿದ್ದಾನಂತೆ. ಈಲಮ್ ಎರಡು ಸಲ ಓದಿ, ಮಡಚಿ, ತನ್ನ ಜೇಬಿಗೆ ಹಾಕಿಕೊಂಡ. ಕಾಗದ ಬಂದದ್ದು ನನ್ನ ಹೆಸರಿಗೆ.

ಏಪ್ರಿಲ್ 16, ಗುರುವಾರ

ಮೂರು ದಿನದಿಂದ ಮಾತೆಲ್ಲ ಅಲ್ಲೇ ಸುತ್ತುತ್ತಿದೆ.

“ಹೋಗಿ ನೋಡ್ಕೊಂಡಾದ್ರೂ ಬರೋಣ, ಮಲಿಂಡಾ.”

“ನೋಡೋಕೇನಿದೆ? ಹಿಮ. ಈ ತಿಂಗಳಲ್ಲೂ ಲಿಡಿಯಾನ್ ಸಲಿಕೆ ಹಿಡ್ಕೊಂಡೇ ಕೋಳಿಗೂಡಿಗೆ ಹೋಗ್ತಾಳಂತೆ.”

“ಹಿಮದ ಅಡೀಲಿ ಮಣ್ಣಿರುತ್ತೆ.”

“ಮಣ್ಣು ಇಲ್ಲೂ ಇದೆ.”

“ಇಲ್ಲಿರೋದು ಯಾರದ್ದೋ.”

ಅದಕ್ಕೇನು ಹೇಳಲಿ. ಅವನ ಅಪ್ಪನ ಜಮೀನು ಒಬ್ಬ ತಮ್ಮನಿಗೆ ಹೋಯಿತು, ಉಳಿದ ಐವರು ಗಂಡುಮಕ್ಕಳ ಕೈಗೆ ಸುತ್ತಿಗೆ ಬಂತು. ಹದಿನಾಲ್ಕು ವರ್ಷದಿಂದ ಈಲಮ್ ಶೆಡ್ಡು ಕಟ್ಟುತ್ತಿದ್ದಾನೆ. ಇಂಗ್ಲಿಷಿನವರು ಹುಲ್ಲು ಕತ್ತರಿಸುವ ಯಂತ್ರ ಇಡುವುದಕ್ಕೆ.

“ನಮ್ಮ ಹುಡುಗ್ರು ನನ್ನನ್ನ ನೋಡಿ ಏನು ಕಲೀತಾರೆ ಹೇಳು. ಡಬ್ಬಿ ತೊಳೆಯೋದು.”

ನನಗೆ ನಗು ಬಂತು. ಅವನಿಗೆ ಬರಲಿಲ್ಲ.

ಅಮ್ಮನ ಮನೆ ಇಲ್ಲಿಂದ ಕಾಲು ಮೈಲಿ. ನನ್ನ ಸಿಂಕಿನ ಮುಂದೆ ನಿಂತರೆ ಅವಳ ಅಡುಗೆಮನೆಯ ದೀಪ ಕಾಣುತ್ತದೆ. ನಾನು ಎಲ್ಲಿಗೂ ಹೋಗುವುದಿಲ್ಲ. ಇಲ್ಲಿ ಬರೆದಿಟ್ಟಿದ್ದೇನೆ.

ಜೂನ್ 27, ಶನಿವಾರ

ಸ್ಟ್ರಾಬೆರಿ ಮುಗಿಯಿತು. ಜಾಮ್ ನಲವತ್ತೊಂದು ಬಾಟಲಿ. ಮಧ್ಯಾಹ್ನ ಅಮ್ಮನಿಗೆ ಸಹಾಯ — ಸೆಲರಿ ಸಸಿ ನೆಡುವುದು. ಒಂದು ಸಾಲು, ಎರಡು ಸಾಲು... ಆರು ಸಾಲು.

“ಇಷ್ಟೊಂದು ಯಾಕಮ್ಮ?”

“ಸೂಪಿಗೆ.”

“ನಾನೂರು ಗಿಡದ ಸೂಪು?”

“ಬಾಯಿ ಮುಚ್ಕೊಂಡು ನೆಡು.”

ಹಾಗಾದರೆ ತಂಗಿ ಮಿರಿಯಮ್‌ಗೆ ಈ ಚಳಿಗಾಲದಲ್ಲಿ ಮದುವೆ. ಮದುವೆ ಊಟಕ್ಕೆ ಸೆಲರಿ ಇಲ್ಲದೆ ಆಗದು, ಸಭೆಯಲ್ಲಿ ಸಾರುವ ತನಕ ಯಾರೂ ಬಾಯಿ ಬಿಡುವಂತೆಯೂ ಇಲ್ಲ. ಇಡೀ ಊರಿಗೆ ಬೇಲಿಯಿಂದಲೇ ಗೊತ್ತಾಗುವ ಗುಟ್ಟು. ಅಮ್ಮ ಸಾಲಿನ ಕೊನೆಯಲ್ಲಿ ಸೊಂಟ ಹಿಡಿದು ನಿಂತು ಹೇಳಿದಳು, “ಇವಳೂ ಹೊರಟಳು. ನೀನೊಬ್ಳು ಹತ್ರ ಇದ್ದೀಯಲ್ಲ, ಅಷ್ಟು ಸಾಕು.”

ಮುಂದಿನ ತಿಂಗಳು ವಿಸ್ಕಾನ್ಸಿನ್‌ಗೆ ಹೋಗಿ ಬರುತ್ತೇವೆ ಅಂದೆ. ನೆಂಟರನ್ನು ನೋಡಲು. ಸುಳ್ಳೇನಲ್ಲ. ಈಲಮನ ಬಾಯಿ ಮುಚ್ಚಿಸಲು ಹೋಗುತ್ತಿದ್ದೇನೆ, ಅಷ್ಟೇ.

ಜುಲೈ 22, ಬುಧವಾರ. ಲಿಡಿಯಾನ್ ಮನೆಯಲ್ಲಿ

ಹದಿನೇಳು ಗಂಟೆ ವ್ಯಾನು. ಇಬ್ಬರು ಮಕ್ಕಳು ವಾಂತಿ. ಇಲ್ಲಿ ಗುಡ್ಡ, ಜೋಳ, ಮತ್ತೆ ಗುಡ್ಡ. ರಸ್ತೆಯಲ್ಲಿ ಬೆಳಗಿನಿಂದ ಮೂರು ವಾಹನ. ಮೂರೂ ಪಿಕಪ್, ಮೂವರೂ ಸ್ಟೀರಿಂಗ್ ಮೇಲಿಂದ ಒಂದು ಬೆರಳು ಎತ್ತಿದರು. ಯಾರೂ ಫೋಟೋ ತೆಗೆಯಲಿಲ್ಲ.

ಗಂಡಸರು ಹುಲ್ಲು ಒಟ್ಟಲು ಹೋದರು. ಹನ್ನೊಂದೂವರೆಗೆ ಲಿಡಿಯಾನ್ ಊಟದ ಗಂಟೆ ಹೊಡೆದಳು. ಕಿಟಕಿಯಿಂದ ನೋಡಿದೆ — ಈಲಮ್ ಹೊಲದ ಅಂಚಿನಲ್ಲಿ ನಡೆದು ಬರುತ್ತಿದ್ದ. ತೋಳು ಮಡಚಿದ್ದ, ಗಡ್ಡದಲ್ಲಿ ಹುಲ್ಲಿತ್ತು. ನಮ್ಮ ದೊಡ್ಡವಳು ಸೂಸಿ ನೀರಿನ ಕೊಡ ಹಿಡಿದು ಪಕ್ಕದಲ್ಲಿ ನಡೆಯುತ್ತಿದ್ದಳು. ಅವನು ಏನೋ ಹೇಳುತ್ತಿದ್ದ, ಅವಳು ನಗುತ್ತಿದ್ದಳು.

ಹದಿನೈದು ವರ್ಷದ ಸಂಸಾರ. ವಾರದ ನಡುವೆ, ಮಟಮಟ ಮಧ್ಯಾಹ್ನ, ನಾನು ಅವನ ಮುಖ ನೋಡಿದ್ದು ಎಷ್ಟು ಸಲ? ಯಾರದಾದರೂ ಮದುವೆ, ಯಾರದಾದರೂ ಸಾವು, ಒಮ್ಮೆ ಜ್ವರ.

ಎಲ್ಲರೂ ತಲೆ ಬಾಗಿಸಿ ಮೌನವಾಗಿ ಪ್ರಾರ್ಥಿಸಿದೆವು. ಆಲೂಗಡ್ಡೆ, ಮಾಂಸದ ಗ್ರೇವಿ, ಬೀನ್ಸು. ಬಡಿಸಿದೆ. ಎರಡನೇ ಸಲ ಬಡಿಸಿದೆ. ಉಂಡು ಎದ್ದು ಅಡುಗೆಮನೆಯ ನೆಲದ ಮೇಲೇ ಟೋಪಿ ಮುಖಕ್ಕೆ ಮುಚ್ಚಿ ಮಲಗಿಬಿಟ್ಟ. ಹತ್ತು ನಿಮಿಷ. ತಟ್ಟೆ ಹಿಡಿದು ಅವನ ಕಾಲು ದಾಟುತ್ತಿದ್ದೆ.

“ದಾಟಬೇಡ್ವೇ, ಬಳಸ್ಕೊಂಡು ಹೋಗು. ಇಲ್ಲಿ ದಿನಾ ಇದೇ ಪಾಡು. ಗಂಡಸರ ಸುತ್ತ ಗುಡಿಸ್ಬೇಕು,” ಅಂದಳು ಲಿಡಿಯಾನ್.

ಪಾತ್ರೆ ಒರೆಸುತ್ತಾ ಕೇಳಿದೆ, ಬೇಜಾರಾಗಲ್ವಾ ಅಂತ.

“ಮೊದಲ ಚಳಿಗಾಲ ಪೂರ್ತಿ ಅತ್ತೆ ಕಣೆ. ಈಗ ಅಮ್ಮಂಗೆ ಕಾಗದ ಬರೆಯೋವಾಗ ಮಾತ್ರ.”

ಸಂಜೆ ಆ ಐವತ್ತೆರಡು ಎಕರೆ ನೋಡಿದೆವು. ಮನೆಯ ಬಣ್ಣ ಎದ್ದಿದೆ. ಕೊಟ್ಟಿಗೆಯ ಮಾಡು ಒಂದು ಕಡೆ ಕುಸಿದಿದೆ. ಅಡುಗೆಮನೆಯ ಕಿಟಕಿ ಹೊಲದ ಕಡೆಗಿದೆ. ನಾನು ಅಲ್ಲಿ ನಿಂತೆ. ಎಷ್ಟು ಹೊತ್ತು ನಿಂತೆನೋ, ಈಲಮ್ ಬಂದು ಕರೆಯಬೇಕಾಯಿತು.

ಜುಲೈ 27, ಸೋಮವಾರ

ಮನೆ. ಎರಡು ವಾರದ ಒಗೆತ. ಐದಕ್ಕೆ ಮುಂಚೆ ವ್ಯಾನು.

ಹನ್ನೊಂದೂವರೆಗೆ ಸುಮ್ಮನೆ ಬಾಗಿಲ ಕಡೆ ನೋಡಿದೆ. ನಾಳೆ ನೋಡಬಾರದು.

ಜುಲೈ 28

ನೋಡಿದೆ.

ಆಗಸ್ಟ್ 12, ಬುಧವಾರ

ಹೇಳಿಬಿಟ್ಟೆ. ಸಂಜೆ ಬೀನ್ಸ್ ಬಿಡಿಸುತ್ತಾ, ತಲೆ ಎತ್ತದೆ — “ಹೋಗೋಣ.”

ಅವನು ಎದ್ದು ಹೋಗಿ ಕುದುರೆಗೆ ನೀರಿಟ್ಟು ಬಂದ. ಅರ್ಧ ಗಂಟೆ ಹಿಂದೆ ಇಟ್ಟಿದ್ದನ್ನು ನಾನೇ ನೋಡಿದ್ದೆ.

“ಭಾನುವಾರ ಬಿಷಪ್‌ಗೆ ಹೇಳ್ತೀನಿ. ನಿಮ್ಮಮ್ಮಂಗೂ.”

“ಬೇಡ. ಮಿರಿಯಮ್ ಮದುವೆ ಮುಗೀಲಿ. ಅಮ್ಮ ಮದುವೆ ಅಡುಗೇನೆಲ್ಲ ಅಳ್ತಾ ಮಾಡೋದು ನಂಗೆ ಬೇಡ.”

“ಮೂರು ತಿಂಗಳು ಮುಚ್ಚಿಡೋದಾ?”

“ಅವಳು ನಾನೂರು ಸೆಲರಿ ಮುಚ್ಚಿಟ್ಟಿಲ್ವಾ?”

ನಕ್ಕ. ಒಪ್ಪಿದ. ಆದರೆ ಇಲ್ಲಿ ನಿಜ ಬರೆಯುತ್ತೇನೆ: ಮದುವೆ ಒಂದು ನೆಪ. ಅಮ್ಮನನ್ನು ಬಿಟ್ಟು ಹೋಗಬೇಕು ಅಂತ ನನಗೇ ಆಸೆಯಾಗಿದೆ. ಅದನ್ನು ಅವಳ ಮುಖ ನೋಡಿ ಹೇಳುವ ಧೈರ್ಯ ನನಗಿಲ್ಲ.

ಗಿಡಿಯನ್‌ಗೆ ಕಾಗದ ಹಾಕಿದೆವು. ಆ ಜಮೀನು ನಮಗೇ ಇರಲಿ ಅಂತ.

ಸೆಪ್ಟೆಂಬರ್ 3, ಗುರುವಾರ

ಗಿಡಿಯನ್ ಉತ್ತರ ಬಂತು. ಮುದುಕ ಒಪ್ಪಿದ್ದಾನೆ. ಮಾರ್ಚ್‌ಗೆ ನಮ್ಮದು. ಟೊಮ್ಯಾಟೊ ಐವತ್ತಾರು ಬಾಟಲಿ. ಪ್ರತಿ ಬಾಟಲಿ ಮುಚ್ಚುವಾಗಲೂ ಒಂದೇ ಯೋಚನೆ, ಇದನ್ನು ಅಲ್ಲಿ ತೆರೆಯುತ್ತೇನೆ. ಗಂಟೆಯ ಹಗ್ಗ ಎಲ್ಲಿ ಕಟ್ಟುವುದು, ಮೇಜು ಎಲ್ಲಿ, ಅವನು ಮಲಗುವ ಜಾಗ ಎಲ್ಲಿ. ಅಲ್ಲಿ ಕಂಬಳಿ ಹಾಕಬೇಕು, ನೆಲ ತಣ್ಣಗಿರುತ್ತದೆ.

ಅಮ್ಮ ಬಂದು ಮೂರು ಬಾಟಲಿ ಒಯ್ದಳು. “ಏನೇ, ಒಬ್ಳೇ ನಗ್ತಿದ್ದೀಯ,” ಅಂದಳು.

ಸೆಪ್ಟೆಂಬರ್ 19, ಶನಿವಾರ

ಬೋಧಕ ಎಫ್ರಾಯಿಮ್ ತೀರಿಕೊಂಡರು. ಎಂಬತ್ತೊಂದು. ನನಗೆ ದೀಕ್ಷಾಸ್ನಾನದ ಪಾಠ ಹೇಳಿದವರು. ಮುನ್ನೂರು ಕುದುರೆ ಗಾಡಿ ಸೇರಿದ್ದವು. ನಾನು ಪೈ ಮಾಡಿಕೊಟ್ಟೆ, ಅತ್ತು ಬಂದೆ. ಬೇರೇನೂ ಹೊಳೆಯಲಿಲ್ಲ. ಬರುವಾಗ ಈಲಮ್ ಮಾತಾಡಲಿಲ್ಲ. ದುಃಖಕ್ಕೆ ಅಂದುಕೊಂಡೆ.

ಅಕ್ಟೋಬರ್ 4, ಭಾನುವಾರ

ಸಭೆಯ ಕೊನೆಯಲ್ಲಿ ಬಿಷಪ್ ಎದ್ದರು. ಎಫ್ರಾಯಿಮ್ ಜಾಗ ಖಾಲಿ ಇದೆ, ಇನ್ನೆರಡು ವಾರಕ್ಕೆ ಕರ್ತನ ಭೋಜನ, ಅವತ್ತೇ ಚೀಟಿ ಎತ್ತಿ ಹೊಸ ಬೋಧಕ ಯಾರೆಂದು ತಿಳಿಯೋಣ, ಅಂದರು.

ಚೀಟಿಗೆ ಯಾವ ಗಂಡಸರು ಅಂತ ಸಭೆಯವರೇ ಒಬ್ಬೊಬ್ಬರೂ ಒಂದು ಹೆಸರು ಹೇಳಬೇಕು. ಊರು ಬಿಡುವವನ ಹೆಸರನ್ನು ಯಾರೂ ಹೇಳುವುದಿಲ್ಲ. ನಾವು ಊರು ಬಿಡುತ್ತೇವೆಂದು ಯಾರಿಗೂ ಗೊತ್ತಿಲ್ಲ.

ಅಕ್ಟೋಬರ್ 5, ಸೋಮವಾರ

ಒಗೆಯಲಿಲ್ಲ. ಮಳೆ ಅಂತ ಹೇಳಿಕೊಂಡೆ. ಮಳೆ ಬರಲಿಲ್ಲ.

ಸಂಜೆ ಅವನು ವ್ಯಾನಿನಿಂದ ಡಬ್ಬಿ ಇಳಿಸುವ ಮುಂಚೆಯೇ ಹೇಳಿದೆ, “ಈಗ್ಲೇ ಬಿಷಪ್ ಮನೆಗೆ ಹೋಗು. ಹೇಳಿಬಿಡು.”

“ಈಗ ಹೇಳಿದ್ರೆ ಚೀಟಿಗೆ ಹೆದರಿ ಓಡಿದ ಅಂತಾರೆ.”

“ಅನ್ಕೊಳ್ಲಿ. ಹೋದ ತಿಂಗಳ ಮೊದಲ ವಾರ ಬಂದ ಗಿಡಿಯನ್ ಕಾಗದ ಇದೆ, ತೋರ್ಸೋಣ.”

“ಕಾಗದ ಹೋದ ತಿಂಗಳದು, ಸರಿ. ಹೇಳಕ್ಕೆ ಹೋಗ್ತಿರೋದು ಇವತ್ತು. ಯಾಕೆ ಇವತ್ತು?” ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟ. “ದೀಕ್ಷೆ ದಿನ ಮಂಡಿ ಊರಿ ಮಾತು ಕೊಟ್ಟಿದ್ದೀನಿ, ಮಲಿಂಡಾ. ಚೀಟಿ ಬಂದ್ರೆ ತಗೋತೀನಿ ಅಂತ.”

ಪ್ರತಿ ಗಂಡಸೂ ಕೊಡುವ ಮಾತು. ನನಗೆ ಗೊತ್ತಿಲ್ಲದ್ದೇನಲ್ಲ.

ಆಮೇಲೆ ನನ್ನನ್ನು ಸಮಾಧಾನ ಮಾಡಲು ನೋಡಿದ. “ನನ್ನ ಹೆಸರು ಯಾರು ಹೇಳ್ತಾರೆ? ಚೀಟಿಗೆ ಬರೋಕೆ ಮೂರು ಜನ ಹೇಳ್ಬೇಕು. ನಾನು ಹಾಡಿದ್ರೆ ಹಿಂದಿನ ಬೆಂಚಿನ ಮಗು ಅಳುತ್ತೆ.”

ಆಗಸ್ಟ್‌ನಲ್ಲೇ ಹೇಳುತ್ತೇನೆ ಅಂದಿದ್ದ. ಅದನ್ನು ಅವನು ಎತ್ತಲಿಲ್ಲ. ಎತ್ತಿದ್ದರೆ ಜಗಳವಾದರೂ ಆಡಬಹುದಿತ್ತು.

ಅಕ್ಟೋಬರ್ 17, ಶನಿವಾರ

ಲಿಡಿಯಾನ್ ಕಾಗದ. ನಮ್ಮ ಮನೆಯ ಹಿಂದೆ ಸೇಬಿನ ಮರ ಎರಡಿವೆಯಂತೆ, ಜುಲೈನಲ್ಲಿ ನಾವು ಗಮನಿಸಿರಲಿಲ್ಲ. ಹಣ್ಣು ಆರಿಸಿ ನಮಗೋಸ್ಕರ ಒಣಗಿಸಿಡುತ್ತಿದ್ದಾಳೆ.

‘ನಿಮ್ಮ ಮನೆ’ ಅಂತ ಬರೆದಿದ್ದಾಳೆ.

ಅಕ್ಟೋಬರ್ 20, ಮಂಗಳವಾರ

ಎರಡು ದಿನ ಬರೆಯಲಾಗಲಿಲ್ಲ.

ಭಾನುವಾರ ನಾಲ್ಕು ಗಂಟೆಗೆ ಸಾಲಾಗಿ ಎದ್ದು ಹೋದೆವು, ಮೊದಲು ಗಂಡಸರು, ಆಮೇಲೆ ನಾವು. ಅರೆ ತೆರೆದ ಬಾಗಿಲು, ಒಳಗೆ ಬಿಷಪ್‌ಗೆ ನೆರವಾಗುವ ಡೀಕನ್. ಅವರ ಕಿವಿಗೆ ಒಂದು ಹೆಸರು ಪಿಸುಗುಟ್ಟಿ ಬರಬೇಕು. ನಾನು ಯಾರ ಹೆಸರು ಹೇಳಿದೆ ಅಂತ ಇಲ್ಲೂ ಬರೆಯುವುದಿಲ್ಲ. ಅವನು ಯೋಗ್ಯನೋ ಅಲ್ಲವೋ ಯೋಚಿಸಲಿಲ್ಲ. ನನ್ನ ಗಂಡನಲ್ಲ, ಅಷ್ಟೇ ನೋಡಿದೆ. ದೇವರು ಕ್ಷಮಿಸಲಿ.

ಬಿಷಪ್ ಬಂದು ಏಳು ಹೆಸರು ಓದಿದರು. ಐದನೆಯದು ಈಲಮ್.

ಮೇಜಿನ ಮೇಲೆ ಏಳು ಕೀರ್ತನೆ ಪುಸ್ತಕ, ಒಂದೇ ತರಹದವು, ಒಂದೊಂದಕ್ಕೂ ರಬ್ಬರ್ ಬ್ಯಾಂಡು. ಒಂದರೊಳಗೆ ಮಾತ್ರ ಚೀಟಿ. ಒಬ್ಬೊಬ್ಬರೇ ಎದ್ದು ಒಂದೊಂದು ತೆಗೆದುಕೊಂಡರು. ಬಿಷಪ್ ಬಿಚ್ಚುತ್ತಾ ಬಂದರು. ಒಂದು, ಏನಿಲ್ಲ. ಎರಡು, ಏನಿಲ್ಲ. ಮೂರನೆಯವನು ಉಸಿರು ಬಿಟ್ಟದ್ದು ನಮ್ಮ ಕಡೆಗೂ ಕೇಳಿಸಿತು. ನಾಲ್ಕು. ಆಮೇಲೆ ಈಲಮನ ಪುಸ್ತಕ. ಒಳಗೆ ಚೀಟಿ. ಬಿಷಪ್ ಅಲ್ಲೇ ನಿಂತರು. ಉಳಿದೆರಡನ್ನು ಬಿಚ್ಚಲೇ ಇಲ್ಲ.

ಅವನು ಎದ್ದು ನಿಂತ. ಸುತ್ತ ಹೆಂಗಸರು ಅಳುತ್ತಿದ್ದರು, ನನಗಾಗಿ. ಸಾಯುವವರೆಗಿನ ಹೊರೆ, ಅದಕ್ಕಾಗಿ. ನಾನು ಅತ್ತದ್ದು ಬೇರೆಯದಕ್ಕೆ, ಅದು ಯಾರಿಗೂ ತಿಳಿಯಲಿಲ್ಲ. ಬೋಧಕ ಊರು ಬಿಡಬಾರದು ಅಂತ ಕಟ್ಟಳೆಯೇನೂ ಇಲ್ಲ. ಆದರೆ ಇಲ್ಲಿ ಯಾರೂ ಬಿಟ್ಟಿಲ್ಲ. ಅವನು ಬಿಡುವವನಲ್ಲ.

ಗಾಡಿಯಲ್ಲಿ ಒಂದೇ ಮಾತು ಆಡಿದ. “ಗಿಡಿಯನ್‌ಗೆ ನೀನೇ ಬರಿ. ನನ್ ಕೈಲಾಗಲ್ಲ.”

ನಿನ್ನೆ ಐದಕ್ಕೆ ಮುಂಚೆ ವ್ಯಾನಿನಲ್ಲಿ ಹೋದ. ಇವತ್ತೂ.

ಇವತ್ತು ಇಸ್ತ್ರಿ. ಹತ್ತು ಗಂಟೆಗೆ ಅಮ್ಮ ಬಂದಳು, ಕೈಯಲ್ಲಿ ಬಿಸಿ ಬ್ರೆಡ್ಡು. ಕೂತಳು, ಎದ್ದಳು, ಮತ್ತೆ ಕೂತಳು.

“ಹೇಳಬಾರದು ಕಣೆ. ಆದ್ರೂ ನಿನ್ನ ಹತ್ರ ಮುಚ್ಚಿಡಲಾರೆ. ನಾನು ಹೇಳಿದ್ದು ಈಲಮನ ಹೆಸರು.”

ಇಸ್ತ್ರಿ ಪೆಟ್ಟಿಗೆ ಒಲೆ ಮೇಲಿಟ್ಟೆ.

“ಎಷ್ಟು ದೊಡ್ಡ ಹೊರೆ ಅಂತ ಗೊತ್ತು. ರಾತ್ರಿಯೆಲ್ಲ ಪ್ರಾರ್ಥನೆ ಮಾಡಿದ್ದೆ. ಈಗಿನ ಗಂಡಸರು ಒಬ್ಬೊಬ್ರೂ ಕೆಂಟಕಿ ಅಂತಾರೆ, ವಿಸ್ಕಾನ್ಸಿನ್ ಅಂತಾರೆ. ಇವನೊಬ್ಬ ಎಲ್ಲೂ ಹೋಗೋನಲ್ಲ ಅನ್ನಿಸ್ತು. ಬೋಧಕ ಅಂದ್ರೆ ಅಂಥವನಾಗಿರ್ಬೇಕು. ಅದಕ್ಕೇ ಹೇಳಿದೆ.”

ನಾನು ಅವಳ ಕಪ್ಪಿಗೆ ಕಾಫಿ ಬಗ್ಗಿಸಿದೆ.

“ನನ್ನ ಮೇಲೆ ಕೋಪಾನಾ, ಮಲಿಂಡಾ?”

“ಇಲ್ಲಮ್ಮ.”

ದಾರದುಂಡೆ ತರುತ್ತೇನೆ ಅಂತ ಮಹಡಿಗೆ ಬಂದು ಬರೆಯುತ್ತಿದ್ದೇನೆ. ಕೆಳಗೆ ಕುರ್ಚಿ ಸರಿದ ಸದ್ದು. ಎದ್ದಿದ್ದಾಳೆ, ಕರೆಯುತ್ತಿದ್ದಾಳೆ, ಮದುವೆಗೆ ಎಷ್ಟು ಸೆಟ್ ತಟ್ಟೆ ಬೇಕು ಅಂತ ಕೇಳುತ್ತಿದ್ದಾಳೆ. ದನಿಯಲ್ಲಿ ಸಂತೋಷವಿದೆ. ನಾವು ಹೊರಡುವವರಿದ್ದೆವು ಅಂತ ಹೇಳಿದರೆ ಅವಳು ಇರುವವರೆಗೂ ಅದನ್ನೇ ಹೊತ್ತುಕೊಂಡು ತಿರುಗುತ್ತಾಳೆ. ಹೇಳದಿದ್ದರೆ ನಾನು ಇಲ್ಲೇ, ಕಾಲು ಮೈಲಿಯಲ್ಲಿ, ಇನ್ನು ಪ್ರತಿ ದಿನ ಅವಳಿಗೆ ‘ಇಲ್ಲಮ್ಮ’ ಅನ್ನುತ್ತಾ ಇರಬೇಕು.